ಫಾಲ್ಸಮ್ ಜೈಲಿನ ಮ್ಯೂಸಿಯಂ: ಗಲ್ಲಿನ ಹಗ್ಗ ಆಮೇಲೆ ನೋಡಿ, ಮೊದಲು ಕೌಂಟರ್ ಹತ್ತಿರ ಮಾತಾಡಿ

ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳ ಮನೆಗೆ ಹೋಗುವ ನಮ್ಮಂಥ ಅಪ್ಪ ಅಮ್ಮಂದಿರಿಗೆ ತೋರಿಸುವ ಜಾಗಗಳು ಎಲ್ಲರಿಗೂ ಒಂದೇ. ಗೋಲ್ಡನ್ ಗೇಟ್ ಸೇತುವೆ, ಲೇಕ್ ತಾಹೊ, ಲಿವರ್‌ಮೋರ್ ದೇವಸ್ಥಾನ, ಮಧ್ಯೆ ಮಧ್ಯೆ ಕಾಸ್ಟ್‌ಕೊ. ಸ್ಯಾಕ್ರಮೆಂಟೊ ಕಡೆ ಇರುವವರು ಇದಕ್ಕೆ ಇನ್ನೊಂದು ಸೇರಿಸಿಕೊಳ್ಳಿ. ಫಾಲ್ಸಮ್ ಜೈಲಿನ ಮ್ಯೂಸಿಯಂ.

ಈ ಮಾತು ಹೇಳುತ್ತಿರುವವನು ಮೂವತ್ತು ವರ್ಷಕ್ಕೂ ಜಾಸ್ತಿ ಜೈಲಿನಲ್ಲಿ ಇದ್ದವನು. ಬೀಗದ ಈಚೆ ಕಡೆ. ವಾರ್ಡರ್ ಆಗಿ ಸೇರಿ ಹೆಡ್ ವಾರ್ಡರ್ ಆಗಿ ನಿವೃತ್ತನಾದೆ. ಮಗ ಫಾಲ್ಸಮ್‌ನಲ್ಲಿ ಇಂಟೆಲ್ ಕಂಪನಿಯಲ್ಲಿ ಕೆಲಸ ಮಾಡುತ್ತಾನೆ. ಆ ಊರಿನಲ್ಲಿ ಕನ್ನಡದವರು ಸಾಕಷ್ಟು ಇದ್ದಾರೆ. ಸಂಜೆ ವಾಕಿಂಗ್ ಹೋದರೆ "ಎಲ್ಲಿಯವರು ಸಾರ್?" ಅಂತ ಕೇಳುವವರು ಸಿಕ್ಕೇ ಸಿಗುತ್ತಾರೆ. ಆದರೆ ಅವರಲ್ಲಿ ಹೆಚ್ಚಿನವರು ದಿನಾ ಆ ಜೈಲಿನ ಪಕ್ಕದಲ್ಲೇ ಕಾರು ಓಡಿಸಿದರೂ ಒಳಗೆ ಮ್ಯೂಸಿಯಂ ಇದೆ ಅನ್ನುವುದು ಗೊತ್ತಿಲ್ಲ. ನನ್ನ ಮಗನಿಗೂ ಗೊತ್ತಿರಲಿಲ್ಲ. "ಅಪ್ಪಾ, ಇಷ್ಟು ವರ್ಷ ನೋಡಿದ್ದು ಸಾಲದಾ?" ಅಂದ. ಸಾಲದು ಅಂದೆ.

ಮೊದಲು ಜಾಗದ ಬಗ್ಗೆ. ಜೈಲು ಶುರುವಾಗಿದ್ದು 1880ರಲ್ಲಿ. ಆ ರಾಜ್ಯದಲ್ಲಿ ಸ್ಯಾನ್ ಕ್ವೆಂಟಿನ್ ಬಿಟ್ಟರೆ ಇದೇ ಹಳೆಯದು. ಅಮೆರಿಕನ್ ನದಿಯ ದಂಡೆ, ಸುತ್ತ ಗ್ರಾನೈಟ್ ಬಂಡೆ. ಕೈದಿಗಳಿಂದಲೇ ಕಲ್ಲು ಒಡೆಸಿ, ಕಟ್ಟಿಸಿ, ನದಿಗೆ ಅಣೆಕಟ್ಟನ್ನೂ ಹಾಕಿಸಿದರು. ಅದೇ ನೀರಿನಿಂದ ಪವರ್‌ಹೌಸ್ ನಡೆಸಿ 1895ರಲ್ಲಿ 22 ಮೈಲಿ ದೂರದ ಸ್ಯಾಕ್ರಮೆಂಟೊಗೆ ಕರೆಂಟು ಕಳಿಸಿದರು. ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗಿದ್ದು 1902ರಲ್ಲಿ. ಕ್ಯಾಲಿಫೋರ್ನಿಯಾದ ಕಾರುಗಳ ನಂಬರ್ ಪ್ಲೇಟು ತಯಾರಾಗುವುದು ಈಗಲೂ ಇದೇ ಜೈಲಿನಲ್ಲಿ, ಕೈದಿಗಳ ಕೈಯಲ್ಲಿ. ಮಗನ ಟೆಸ್ಲಾಗೂ ಅಲ್ಲಿಯದೇ ಪ್ಲೇಟು. ಅವನಿಗೆ ಇದನ್ನು ಹೇಳಿದಾಗ ಕೆಳಗಿಳಿದು ಪ್ಲೇಟನ್ನು ಒಮ್ಮೆ ನೋಡಿ ಬಂದ.

ಮ್ಯೂಸಿಯಂ ಇರುವುದು ಜೈಲಿನ ಆವರಣದಲ್ಲಿ, ಹೊರ ಗೇಟಿನ ಹತ್ತಿರ, ಹಿಂದೆ ಸಿಬ್ಬಂದಿ ವಾಸವಿದ್ದ ಸಣ್ಣ ಮನೆಯಲ್ಲಿ. ಚಿಕ್ಕ ಜಾಗ. ಈಗ ಮುಚ್ಚಿರುವ ಆಲ್ಕಟ್ರಾಜ್ ಜೈಲಿನ ತರಹ ಸೆಲ್ ಬ್ಲಾಕ್ ಒಳಗೆಲ್ಲ ಸುತ್ತಾಡಿಸುತ್ತಾರೆ ಅಂದುಕೊಂಡು ಹೋಗಬೇಡಿ. ಜೈಲು ಇನ್ನೂ ನಡೆಯುತ್ತಿದೆ, ಒಳಗೆ ಬಿಡಲು ಆಗುವುದಿಲ್ಲ. ಟಿಕೆಟ್ ಕೆಲವೇ ಡಾಲರ್. ನಿಧಾನವಾಗಿ ನೋಡುವವರಿಗೆ ಒಂದು ಗಂಟೆ. ನನ್ನಂಥವರಿಗೆ ಅರ್ಧ ದಿನವೂ ಸಾಲದು.

ಜನ ಮುಗಿಬೀಳುವ ವಸ್ತುಗಳು ಮೂರು ನಾಲ್ಕು. ಒಂದು, ಹಲ್ಲುಕಡ್ಡಿಯಲ್ಲಿ ಮಾಡಿದ ಜಾತ್ರೆಯ ಗಿರಗಿಟ್ಲೆ ತೊಟ್ಟಿಲು. ಒಬ್ಬ ಕೈದಿ ಎರಡೂವರೆ ಲಕ್ಷ ಕಡ್ಡಿ ಅಂಟಿಸಿ ಮಾಡಿದ್ದಂತೆ. ನಮ್ಮ ಜೈಲುಗಳಲ್ಲೂ ಬೆಂಕಿಕಡ್ಡಿಯಲ್ಲಿ ದೇವಸ್ಥಾನ ಮಾಡುವವರನ್ನು ನೋಡಿದ್ದೇನೆ, ಇಷ್ಟು ತಾಳ್ಮೆಯವನನ್ನು ನೋಡಿಲ್ಲ. ಇನ್ನೊಂದು, ಕೈದಿಗಳು ಒಳಗೇ ತಯಾರಿಸಿದ ಚೂರಿಗಳು. ಚಮಚ ತಿಕ್ಕಿ ಮಾಡಿದ್ದು, ಹಲ್ಲುಜ್ಜುವ ಬ್ರಷ್ಷಿನ ಹಿಡಿ ಚೂಪು ಮಾಡಿದ್ದು. ಪಕ್ಕದಲ್ಲಿ ನಿಂತಿದ್ದ ಹುಡುಗರು "ವಾವ್" ಅಂತಿದ್ದರು. ನನ್ನ ಕೈ ಮಾತ್ರ ಸುಮ್ನೆ ಹೊಟ್ಟೆಯ ಮೇಲೆ ಹೋಗಿತ್ತು. ಕೆಲವು ಅಭ್ಯಾಸಗಳು ಪಿಂಚಣಿ ಬಂದಮೇಲೂ ಹೋಗುವುದಿಲ್ಲ.

ಆಮೇಲೆ ಗಲ್ಲಿನ ಕಥೆ. 1895ರಿಂದ 1937ರವರೆಗೆ ಇಲ್ಲಿ 93 ಜನರನ್ನು ಗಲ್ಲಿಗೆ ಹಾಕಿದ್ದಾರೆ. ಅದೇ 1937ರಲ್ಲಿ ವಾರ್ಡನ್ ಕ್ಲಾರೆನ್ಸ್ ಲಾರ್ಕಿನ್ ಅವರನ್ನು ತಪ್ಪಿಸಿಕೊಳ್ಳಲು ಹೊರಟ ಕೈದಿಗಳು ಇರಿದರು, ಅವರು ತೀರಿಹೋದರು. ಅಲ್ಲಿ ವಾರ್ಡನ್ ಅಂದರೆ ನಮ್ಮ ಸೂಪರಿಂಟೆಂಡೆಂಟ್ ಸಾಹೇಬರು. ಹೊಡೆತ ಬಿದ್ದಾಗ ಹುದ್ದೆ ನೋಡಿ ಬೀಳುವುದಿಲ್ಲ. ಹಾಡುಗಾರ ಜಾನಿ ಕ್ಯಾಶ್ 1968ರ ಜನವರಿ 13ರಂದು ಜೈಲಿನ ಒಳಗೇ ಕೈದಿಗಳ ಮುಂದೆ ಹಾಡಿದರಲ್ಲ, ಆ ನೆನಪಿನ ವಸ್ತುಗಳೂ ಇವೆ. ಬರುವವರಲ್ಲಿ ಜಾಸ್ತಿ ಜನ ಅದಕ್ಕೇ ಬರುತ್ತಾರೆ. ನನಗೆ ಅವರ ಹಾಡು ಗೊತ್ತಿಲ್ಲ, ಮುಂದೆ ಹೋದೆ.

ನಾನು ಜಾಸ್ತಿ ಹೊತ್ತು ನಿಂತದ್ದು ಬೀಗದ ಕೀಗಳ ಮುಂದೆ. ಅಂಗೈ ಉದ್ದದ ಹಿತ್ತಾಳೆ ಕೀ. ಹಲ್ಲುಗಳು ಸವೆದು ದುಂಡಗಾಗಿವೆ. ಹಿಡಿಯ ಉಂಗುರದ ಒಂದು ಬದಿ ಮಾತ್ರ ಹೊಳೆಯುತ್ತದೆ. ಬಲಗೈ ಹೆಬ್ಬೆರಳು ಉಜ್ಜಿ ಉಜ್ಜಿ ಆದ ಹೊಳಪು ಅದು. ನನ್ನ ಗೊಂಚಲಿನಲ್ಲಿದ್ದ ಬ್ಯಾರಕ್ ಕೀಯೂ ಹೀಗೇ ಆಗಿತ್ತು. ಬಗ್ಗಿ ನೋಡುತ್ತಿದ್ದಾಗ ಹಿಂದಿನಿಂದ ಒಂದು ಪ್ರಶ್ನೆ ಬಂತು. "ನೀವು ಎಲ್ಲಿ ಕೆಲಸ ಮಾಡಿದ್ದು?" ಎಲ್ಲಿಂದ ಬಂದಿರಿ ಅಂತ ಅಲ್ಲ, ಎಲ್ಲಿ ಕೆಲಸ ಮಾಡಿದ್ದು ಅಂತ. ಕೀ ನೋಡುವ ರೀತಿಯಲ್ಲೇ ಗೊತ್ತಾಗಿದೆ ಅವರಿಗೆ.

ಈ ಮ್ಯೂಸಿಯಂನ ನಿಜವಾದ ವಿಶೇಷ ಇದೇ. ನೋಡಿಕೊಳ್ಳುವವರು ನಿವೃತ್ತ ಜೈಲು ಸಿಬ್ಬಂದಿ. ಸಂಬಳಕ್ಕಲ್ಲ, ಇಷ್ಟಪಟ್ಟು ಬಂದು ಕೂರುತ್ತಾರೆ. ಅವತ್ತು ಇದ್ದವರು ಬಿಳಿ ಮೀಸೆಯ ಎತ್ತರದ ಮನುಷ್ಯ. ಹೆಸರು ಬೇಡ. ನನ್ನ ಇಂಗ್ಲಿಷು ಕೋರ್ಟಿಗೆ ಕೈದಿಗಳನ್ನು ಕರೆದುಕೊಂಡು ಹೋಗಿ ಕಲಿತ ಇಂಗ್ಲಿಷು. ಅವರದು ಬಾಯಿ ಅರ್ಧ ಮುಚ್ಚಿಕೊಂಡು ಆಡುವ ಇಂಗ್ಲಿಷು. ಆದರೂ ತೊಂದರೆ ಆಗಲಿಲ್ಲ. ರಾತ್ರಿ ಎಣಿಕೆ ತಾಳೆ ಆಗದಿದ್ದರೆ ಏನಾಗುತ್ತದೆ ಅನ್ನುವುದನ್ನು ಹೇಳಿಕೊಳ್ಳಲು ಭಾಷೆ ಜಾಸ್ತಿ ಬೇಕಾಗಿಲ್ಲ.

ಮಾತು ಮುಂದುವರಿದಾಗ ಅವರು ಅಂದರು, "ನಾನು ಸಾರ್ಜೆಂಟ್ ಪರೀಕ್ಷೆಗೆ ಕೂರಲೇ ಇಲ್ಲ. ಯೂನಿಯನ್ ಸ್ಟೂವರ್ಡ್ ಆಗಿದ್ದೆ." ನನಗೆ ಒಂದು ಕ್ಷಣ ಅರ್ಥ ಆಗಲಿಲ್ಲ. ಜೈಲು ಗಾರ್ಡಿಗೆ ಯೂನಿಯನ್ನಾ? ಇದೆಯಂತೆ. ಬರೀ ಇರುವುದಲ್ಲ, ಒಂದು ಕಾಲದಲ್ಲಿ ಇಡೀ ರಾಜ್ಯದಲ್ಲೇ ಅತಿ ಗಟ್ಟಿ ಯೂನಿಯನ್ ಇದೇ ಆಗಿತ್ತು. ಅದನ್ನು ಆ ಮಟ್ಟಕ್ಕೆ ಬೆಳೆಸಿದವರು ಇದೇ ಫಾಲ್ಸಮ್ ಜೈಲಿನಲ್ಲಿ ಗಾರ್ಡ್ ಆಗಿದ್ದವರು. ಡಾನ್ ನೋವಿ ಅಂತ. ಮಗ ಫೋನಿನಲ್ಲಿ ಹುಡುಕಿ ಫೋಟೊ ತೋರಿಸಿದ. ತಲೆಯ ಮೇಲೆ ಹಳೇ ಕಾಲದ ಹ್ಯಾಟು. ಆ ಹ್ಯಾಟಿಗೇ ಅವರು ಹೆಸರುವಾಸಿಯಂತೆ.

ಕಥೆ ಹೀಗೆ. ಕ್ಯಾಲಿಫೋರ್ನಿಯಾದ ಜೈಲು ಸಿಬ್ಬಂದಿ ಸಂಘ ಕಟ್ಟಿಕೊಂಡದ್ದು 1957ರಲ್ಲಿ. ಬಹಳ ವರ್ಷ ಅದು ಹೆಸರಿಗೆ ಮಾತ್ರ ಇತ್ತು. 1970ರ ದಶಕದ ಕೊನೆಯಲ್ಲಿ ರಾಜ್ಯ ಸರ್ಕಾರಿ ನೌಕರರು ಸರ್ಕಾರದ ಜೊತೆ ಕೂತು ಸಂಬಳದ ಒಪ್ಪಂದ ಮಾಡಿಕೊಳ್ಳಬಹುದು ಅನ್ನುವ ಕಾಯ್ದೆ ಬಂತು. 1980ರಲ್ಲಿ ನೋವಿ ಅಧ್ಯಕ್ಷರಾದರು. 2002ರವರೆಗೆ ಅವರೇ. ಅಷ್ಟರಲ್ಲಿ ಕೆಲವೇ ಸಾವಿರ ಇದ್ದ ಸದಸ್ಯರು ಸುಮಾರು 30,000 ಆದರು. ಅವರು ಕೆಲಸ ನಿಲ್ಲಿಸಿ ಗೆದ್ದವರಲ್ಲ. ಸದಸ್ಯರ ಚಂದಾ ಹಣ ಚುನಾವಣೆಗೆ ಹಾಕಿದರು. 1990ರಲ್ಲಿ ಪೀಟ್ ವಿಲ್ಸನ್ ಗವರ್ನರ್ ಆದಾಗಲೂ, 1998ರಲ್ಲಿ ಗ್ರೇ ಡೇವಿಸ್ ಆದಾಗಲೂ ಹಿಂದೆ ಈ ಸಂಘದ ದುಡ್ಡಿತ್ತು. ಒಬ್ಬರು ರಿಪಬ್ಲಿಕನ್, ಇನ್ನೊಬ್ಬರು ಡೆಮಾಕ್ರಾಟ್. ಪಕ್ಷ ಯಾವುದಾದರೇನು, ಗೆಲ್ಲುವವರ ಜೊತೆ ಇದ್ದರು. ರಾಜ್ಯದ ಕ್ಯಾಪಿಟಲ್ ಕಟ್ಟಡ, ಅಂದರೆ ಅಲ್ಲಿಯ ವಿಧಾನಸೌಧ, ಫಾಲ್ಸಮ್ ಗೇಟಿನಿಂದ ಕಾರಿನಲ್ಲಿ ಅರ್ಧ ಮುಕ್ಕಾಲು ಗಂಟೆ. ಈ ಜೈಲು ದೂರದ ಮರುಭೂಮಿಯಲ್ಲಿ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಿತ್ತೋ ಇಲ್ಲವೋ.

"ರಾಜ್ಯದಲ್ಲೇ ಕಷ್ಟದ ಬೀಟ್ ನಮ್ಮದು" ಅನ್ನುವುದು ಸಂಘದ ಘೋಷಣೆ. ಅಲ್ಲಿಯವರೆಗೆ ಪೊಲೀಸ್ ಅಂದರೆ ಗೌರವ, ಜೈಲು ಗಾರ್ಡ್ ಅಂದರೆ ಬೀಗ ಹಾಕುವವನು. ಇದು ನಮ್ಮ ಕಡೆಯೂ ಹಾಗೇ ಅಲ್ವಾ? ಮದುವೆ ಮನೆಯಲ್ಲಿ ಪೊಲೀಸ್ ಪೇದೆಗೆ ಮುಂದಿನ ಸಾಲಿನ ಕುರ್ಚಿ. ಜೈಲು ವಾರ್ಡರ್ ಅಂದರೆ "ಓ, ಒಳಗಾ?" ಅಂತ ಒಂದು ನಗು.

ನಾನು ಕೇಳಿದ ಪ್ರಶ್ನೆ ಒಂದೇ. ಸ್ಟೂವರ್ಡ್ ಅಂದರೆ ದಿನಾ ಏನು ಕೆಲಸ? ಅವರು ಕೌಂಟರ್ ಮೇಲಿದ್ದ ಒಂದು ಹಾಳೆ ತಿರುಗಿಸಿ ಪೆನ್ನಿನಲ್ಲಿ ಎರಡು ಕುರ್ಚಿ, ಒಂದು ಮೇಜು ಬರೆದರು. ಮೇಜಿನ ಆಚೆ ತನಿಖೆ ಮಾಡುವ ಅಧಿಕಾರಿ. ಈಚೆ ಆರೋಪ ಬಂದ ಗಾರ್ಡ್. ಆಮೇಲೆ ಗಾರ್ಡಿನ ಪಕ್ಕದಲ್ಲಿ ಮೂರನೆಯ ಕುರ್ಚಿ ಬರೆದು, ಅದರ ಮೇಲೆ ಎರಡು ಸಲ ಪೆನ್ನು ಕುಟ್ಟಿ, "ಇದು ನಾನು" ಅಂದರು. ಕ್ಯಾಲಿಫೋರ್ನಿಯಾದಲ್ಲಿ 1976ರಲ್ಲೇ ಕಾಯ್ದೆ ಆಗಿದೆಯಂತೆ. ಪೊಲೀಸ್ ಅಥವಾ ಜೈಲು ಅಧಿಕಾರಿಯನ್ನು ಶಿಕ್ಷೆ ಆಗಬಹುದಾದ ವಿಷಯಕ್ಕೆ ವಿಚಾರಿಸುವಾಗ ಅವನು ತನ್ನ ಕಡೆಯ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬಹುದು.

ಆ ಮೂರನೆಯ ಕುರ್ಚಿ ನೋಡಿ ನನಗೆ ನಮ್ಮ ಇಲಾಖಾ ವಿಚಾರಣೆಗಳು ನೆನಪಾದವು. ಡಿಇ ಅಂತೀವಲ್ಲ, ಅದು. ನಮ್ಮಲ್ಲೂ ಇನ್ನೊಬ್ಬ ನೌಕರನ ನೆರವು ಪಡೆಯಬಹುದು ಅಂತ ನಿಯಮ ಇದೆ. ಆದರೆ ಬರುವವರು ಯಾರು? ಬಂದವನ ಮುಂದಿನ ವರ್ಗಾವಣೆ ಎಲ್ಲಿಗೆ ಅಂತ ಎಲ್ಲರಿಗೂ ಗೊತ್ತು. ಒಂದು ಜೈಲಿನಲ್ಲಿ, ಯಾವುದು ಅಂತ ಹೇಳಲ್ಲ, ನನ್ನ ಜೊತೆಯವನೊಬ್ಬ ಬ್ಯಾರಕ್ ಗಲಾಟೆಯಲ್ಲಿ ತಲೆಗೆ ಪೆಟ್ಟು ತಿಂದ. ಅವನ ಪಾಳಿಯೂ ನಮ್ಮ ತಲೆಗೇ ಬಂತು, ಬೆಳಗ್ಗೆಯಿಂದ ರಾತ್ರಿವರೆಗೆ. ನಾವು ನಾಲ್ಕು ಜನ ಸೇರಿ ಒಂದು ಅರ್ಜಿ ಬರೆದೆವು. ಭಾಷೆ ತುಂಬಾ ಮರ್ಯಾದೆಯದು, "ತಮ್ಮ ವಿಧೇಯ" ಅಂತೆಲ್ಲ. ಅರ್ಜಿಗೆ ಉತ್ತರವಾಗಿ ನಾಲ್ಕು ಮೆಮೊ ಬಂತು. ಗುಂಪು ಕಟ್ಟಿಕೊಂಡು ಮನವಿ ಕೊಟ್ಟಿದ್ದೇ ಅಶಿಸ್ತು ಅಂತ. ಒಬ್ಬೊಬ್ಬನೇ ಒಳಗೆ ಹೋಗಿ ಸಮಜಾಯಿಷಿ ಕೊಟ್ಟು ಬಂದೆವು. ಒಬ್ಬನ ಇಂಕ್ರಿಮೆಂಟ್ ಹೋಯಿತು. ಅರ್ಜಿಯ ಕರಡು ಬರೆದವನು ಅವನೇ, ಅಕ್ಷರ ಚೆನ್ನಾಗಿತ್ತು.

ಇನ್ನೊಂದು ವಿಷಯ ಕೇಳಿ ನಾನು ನಿಜಕ್ಕೂ ಬಾಯಿ ಬಿಟ್ಟೆ. ಅಲ್ಲಿ ಡ್ಯೂಟಿ ಹಂಚುವ ರೀತಿ. ಸರ್ಕಾರ ಮತ್ತು ಸಂಘದ ಒಪ್ಪಂದದ ಪ್ರಕಾರ ಜೈಲಿನ ನೂರು ಪೋಸ್ಟ್‌ಗಳಲ್ಲಿ ಎಪ್ಪತ್ತನ್ನು ಸೇವಾ ಹಿರಿತನದ ಮೇಲೆ ಗಾರ್ಡ್‌ಗಳೇ ಆರಿಸಿಕೊಳ್ಳುತ್ತಾರೆ. ಯಾವ ಟವರ್, ಯಾವ ಪಾಳಿ, ಯಾವ ದಿನ ವಾರದ ರಜೆ, ಎಲ್ಲ. ಉಳಿದ ಮೂವತ್ತು ಮಾತ್ರ ಮೇಲಿನವರ ಕೈಯಲ್ಲಿ. ಜೈಲಿನಲ್ಲಿ ಕೆಲಸ ಮಾಡದವರಿಗೆ ಇದರ ಬೆಲೆ ಗೊತ್ತಾಗುವುದಿಲ್ಲ. ಡ್ಯೂಟಿ ಚಾರ್ಟ್ ಅನ್ನುವುದು ನಮ್ಮ ಕಡೆ ಶಿಕ್ಷೆಯೂ ಹೌದು, ಬಹುಮಾನವೂ ಹೌದು. ಜೈಲರ್ ಸಾಹೇಬರಿಗೆ ಬೇಕಾದವನಿಗೆ ಮುಖ್ಯ ಗೇಟು, ಇಲ್ಲವೇ ಆಫೀಸು. ಬೇಡದವನಿಗೆ ಮಳೆಗಾಲದ ರಾತ್ರಿ ವಾಚ್ ಟವರ್. ಮಗಳ ನಾಮಕರಣದ ದಿನ ಟವರ್ ಮೇಲೆ ನಿಂತವರನ್ನು ನಾನು ನೋಡಿದ್ದೇನೆ. ಇಲ್ಲಿ ಆ ಚಾರ್ಟನ್ನೇ ಸಾಹೇಬರ ಕೈಯಿಂದ ಕಿತ್ತುಕೊಂಡಿದ್ದಾರೆ. ಸಂಬಳದ ಏರಿಕೆಗಿಂತ ಇದು ದೊಡ್ಡದು ಅಂತ ನನಗನಿಸಿತು. ಸಂಬಳವೇನೂ ಕಡಿಮೆ ಏರಲಿಲ್ಲ ಬಿಡಿ. 2002ರ ಒಪ್ಪಂದದಲ್ಲಿ ಐದು ವರ್ಷಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಏರಿಕೆ.

ಸ್ಟೂವರ್ಡ್ ಆದವನು ಮುಂದೆ ಏನಾಗಬಹುದು ಅಂತಲೂ ಹೇಳಿದರು. ಪ್ರತಿ ಜೈಲಿಗೆ ಸಂಘದ ಒಂದು ಘಟಕ. ಅದಕ್ಕೆ ಸದಸ್ಯರೇ ಆರಿಸಿದ ಅಧ್ಯಕ್ಷ. ಅಲ್ಲಿಂದ ರಾಜ್ಯ ಸಮಿತಿ. ಅಂದರೆ ಸೆಲ್ ಬ್ಲಾಕಿನಲ್ಲಿ ಎಣಿಕೆ ಮಾಡುತ್ತಿದ್ದವನು ಓಟು ಗೆದ್ದು ಗೆದ್ದು ಗವರ್ನರ್ ಎದುರು ಕೂರುವವರೆಗೆ ದಾರಿ ಇದೆ. ನೋವಿ ನಂತರ ಬಂದ ಮೈಕ್ ಜಿಮೆನೆಜ್ ಕೂಡ ಜೈಲು ಅಧಿಕಾರಿಯೇ ಆಗಿದ್ದವರು. ನಮ್ಮಲ್ಲಿ ವಾರ್ಡರ್ ಆಗಿ ಸೇರಿದವನ ದಾರಿ ಹೆಡ್ ವಾರ್ಡರ್ ಹತ್ತಿರ ಬಂದು ನಿಲ್ಲುತ್ತದೆ. ಅದೃಷ್ಟ ಇದ್ದರೆ ಅದರ ಮೇಲೆ ಒಂದು ಮೆಟ್ಟಿಲು.

ಕೇಳಿ ಹೊಟ್ಟೆಕಿಚ್ಚು ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಮನೆಗೆ ಬಂದು ಮಗನ ಹತ್ತಿರ ಲ್ಯಾಪ್‌ಟಾಪ್ ಇಸ್ಕೊಂಡು ಇನ್ನಷ್ಟು ಓದಿದೆ. ಆಗ ಕಥೆಯ ಇನ್ನೊಂದು ಮುಖ ಕಂಡಿತು. 1980ರಲ್ಲಿ ಕ್ಯಾಲಿಫೋರ್ನಿಯಾದ ಜೈಲುಗಳಲ್ಲಿ ಇದ್ದ ಕೈದಿಗಳು ಸುಮಾರು 25,000. 2000ದ ಹೊತ್ತಿಗೆ ಸುಮಾರು 1,60,000. ಇಪ್ಪತ್ತು ವರ್ಷದಲ್ಲಿ ಇಪ್ಪತ್ತಕ್ಕೂ ಜಾಸ್ತಿ ಹೊಸ ಜೈಲು ಕಟ್ಟಿದರು. 1994ರಲ್ಲಿ ಮೂರನೇ ಸಲ ದೊಡ್ಡ ಅಪರಾಧದಲ್ಲಿ ಸಿಕ್ಕಿಬಿದ್ದವನಿಗೆ 25 ವರ್ಷದಿಂದ ಜೀವಾವಧಿವರೆಗೆ ಶಿಕ್ಷೆ ಅನ್ನುವ ಕಾನೂನು ಬಂತಲ್ಲ, ಅದರ ಪ್ರಚಾರಕ್ಕೆ ಈ ಸಂಘ ಒಂದು ಲಕ್ಷ ಡಾಲರ್ ಕೊಟ್ಟಿತ್ತು. ಅಪರಾಧಕ್ಕೆ ಬಲಿಯಾದವರ ಕುಟುಂಬಗಳ ಸಂಘಟನೆಯೊಂದನ್ನು ಬೆಳೆಸಿ, ಶಿಕ್ಷೆ ಜಾಸ್ತಿ ಮಾಡಿ ಅಂತ ಅವರ ಬಾಯಲ್ಲೂ ಹೇಳಿಸಿತು. ಎಲ್ಲ ಸಂಘವೇ ಮಾಡಿದ್ದು ಅಂತಲ್ಲ. ಜನರಿಗೂ ಭಯ ಇತ್ತು, ರಾಜಕಾರಣಿಗಳಿಗೂ ಓಟು ಬೇಕಿತ್ತು. ಆದರೆ ಕೈದಿ ಜಾಸ್ತಿ ಆದಷ್ಟೂ ಜೈಲು ಜಾಸ್ತಿ, ಜೈಲು ಜಾಸ್ತಿ ಆದಷ್ಟೂ ಗಾರ್ಡ್ ಜಾಸ್ತಿ, ಗಾರ್ಡ್ ಜಾಸ್ತಿ ಆದಷ್ಟೂ ಚಂದಾ ಜಾಸ್ತಿ. ಈ ಲೆಕ್ಕ ಹೆಡ್ ವಾರ್ಡರ್‌ಗೂ ಅರ್ಥ ಆಗುತ್ತದೆ.

ಮೂರನೆಯ ಕುರ್ಚಿಗೂ ಒಂದು ಕೆಟ್ಟ ಮುಖ ಇದೆ. ಕೊರ್ಕೊರಾನ್ ಅನ್ನುವ ಜೈಲಿನಲ್ಲಿ ವೈರಿ ಗ್ಯಾಂಗಿನ ಕೈದಿಗಳನ್ನು ಒಂದೇ ಅಂಗಳಕ್ಕೆ ಬಿಡುತ್ತಿದ್ದರು, ಹೊಡೆದಾಟ ಶುರುವಾದಾಗ ಮೇಲಿನಿಂದ ಗುಂಡು ಹಾರಿಸುತ್ತಿದ್ದರು. 1994ರಲ್ಲಿ ಒಬ್ಬ ಕೈದಿ ಹಾಗೆ ಸತ್ತ. ಎಂಟು ಜನ ಸಿಬ್ಬಂದಿಯ ಮೇಲೆ ಫೆಡರಲ್ ಕೇಸು ನಡೆದು 2000ದಲ್ಲಿ ಎಲ್ಲರೂ ಖುಲಾಸೆ ಆದರು. ಸಂಘ ಪೂರ್ತಿ ಅವರ ಬೆನ್ನಿಗೆ ನಿಂತಿತ್ತು. ಗಲಾಟೆಯಲ್ಲಿ ಟವರ್ ಮೇಲೆ ನಿಂತವನ ಕೈ ಹೇಗೆ ನಡುಗುತ್ತದೆ ಅಂತ ನನಗೆ ಗೊತ್ತು. ಆದರೆ ಹೊಡೆದಾಡುತ್ತಾರೆ ಅಂತ ಗೊತ್ತಿದ್ದೇ ಬಾಗಿಲು ತೆಗೆಯುವುದು ಬೇರೆ ವಿಷಯ. ಅಂಥವನ ಪಕ್ಕದಲ್ಲಿ ನಾನು ಕೂರುತ್ತಿರಲಿಲ್ಲ.

ಆಮೇಲೆ ಇನ್ನೊಂದು ತಿರುವು. ಜೈಲುಗಳು ಹಿಡಿಯಬೇಕಾದ್ದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ತುಂಬಿದವು. ಕೈದಿಗಳು ಕೋರ್ಟಿಗೆ ಹೋದರು. ಆಗ ಇದೇ ಸಂಘ ಕೈದಿಗಳ ಕಡೆ ಸೇರಿಕೊಂಡು, ಇಷ್ಟು ಜನರನ್ನು ತುಂಬಿದರೆ ನಮ್ಮ ಜೀವಕ್ಕೂ ಅಪಾಯ ಅಂತ ವಾದ ಮಾಡಿತು. 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕೈದಿಗಳ ಸಂಖ್ಯೆ ಇಳಿಸಿ ಅಂತ ಆದೇಶ ಎತ್ತಿಹಿಡಿಯಿತು. ಇಷ್ಟು ವರ್ಷ ತುಂಬಿಸಿ ಅಂದವರೇ ಕೊನೆಗೆ ತುಂಬಿತು ಅಂದರು. ತಡವಾಯಿತು, ಆದರೂ ಹೇಳಿದರಲ್ಲ.

ನಮ್ಮ ಕಡೆ ಹೇಗೆ ಅಂತ ಆ ಬಿಳಿ ಮೀಸೆಯವರೂ ಕೇಳಿದ್ದರು. ಪೊಲೀಸರಿಗೆ 1966ರಲ್ಲೇ ಕೇಂದ್ರ ಸರ್ಕಾರ ಒಂದು ಕಾಯ್ದೆ ಮಾಡಿ, ಅನುಮತಿ ಇಲ್ಲದೆ ಸಂಘ ಕಟ್ಟಬಾರದು ಅಂದಿದೆ. ಕೇರಳದಲ್ಲಿ ಪೊಲೀಸರಿಗೆ ಸಂಘ ಇದೆ, ಪದಾಧಿಕಾರಿಗಳಿಗೆ ಚುನಾವಣೆಯೂ ಆಗುತ್ತದೆ. ಮುಂಬೈಯಲ್ಲಿ ಇತ್ತು, 1982ರಲ್ಲಿ ಪೊಲೀಸರೇ ಬೀದಿಗಿಳಿದಾಗ ಸೈನ್ಯ ಕರೆಸಿದರು, ಸಂಘದ ಮಾನ್ಯತೆ ಹೋಯಿತು. ಕರ್ನಾಟಕದಲ್ಲಿ 2016ರ ಜೂನ್ 4ರಂದು ಪೊಲೀಸರು ಸಾಮೂಹಿಕ ರಜೆ ಹಾಕುತ್ತಾರೆ ಅಂತ ದೊಡ್ಡ ಸುದ್ದಿ ಆಯಿತಲ್ಲ. ಕರೆ ಕೊಟ್ಟ ಶಶಿಧರ್ ಹಿಂದೆ ಪೊಲೀಸ್ ಇಲಾಖೆಯಲ್ಲೇ ಇದ್ದವರು. ಆ ದಿನ ಬರುವ ಮೊದಲೇ ಅವರನ್ನು ಹಿಡಿದು ದೇಶದ್ರೋಹದ ಕೇಸು ಹಾಕಿದರು. ಜೂನ್ 4 ಮಾಮೂಲಿ ದಿನದ ತರಹವೇ ಕಳೆಯಿತು. ಆಮೇಲೆ ಪೊಲೀಸರ ಸಂಬಳದ ಬಗ್ಗೆ ಔರಾದ್ಕರ್ ಸಮಿತಿ ವರದಿ ಬಂತು, 2019ರಲ್ಲಿ ಪೊಲೀಸರ ಸಂಬಳ ಸ್ವಲ್ಪ ಏರಿತು.

"ದೇಶದ್ರೋಹ" ಅಂದಾಗ ಬಿಳಿ ಮೀಸೆಯವರು ನಂಬಲಿಲ್ಲ. ರಜೆ ಕೇಳಿದ್ದಕ್ಕಾ ಅಂದರು. ಹೌದು, ರಜೆಗೇ ಅಂದೆ. ಆದರೆ ಅಲ್ಲೂ ಕೆಲಸ ನಿಲ್ಲಿಸಿದವರ ಗತಿ ಬೇರೆ ಏನಲ್ಲ. 1919ರಲ್ಲಿ ಬಾಸ್ಟನ್ ಪೊಲೀಸರು ಮುಷ್ಕರ ಮಾಡಿ ಸಾವಿರಕ್ಕೂ ಜಾಸ್ತಿ ಜನ ಕೆಲಸ ಕಳೆದುಕೊಂಡರು. 2025ರಲ್ಲಿ ನ್ಯೂಯಾರ್ಕ್ ರಾಜ್ಯದ ಜೈಲು ಗಾರ್ಡ್‌ಗಳು ಸಂಘದ ಅನುಮತಿಯೂ ಇಲ್ಲದೆ ಗೇಟಿನ ಹೊರಗೆ ನಿಂತರು, ಎರಡು ಸಾವಿರಕ್ಕೂ ಜಾಸ್ತಿ ಜನರನ್ನು ಮನೆಗೆ ಕಳಿಸಿದರು. ನಮ್ಮಲ್ಲಿ ಮಾತ್ರ ಬೇರೆ ಇಲಾಖೆಯವರಿಗೆ ಕೆಲಸ ನಿಲ್ಲಿಸಿ ಗೆಲ್ಲುವ ಭಾಗ್ಯ ಇದೆ. 2023ರ ಮಾರ್ಚ್ 1ರಂದು ಸರ್ಕಾರಿ ನೌಕರರ ಸಂಘ ಕೆಲಸ ನಿಲ್ಲಿಸಿತು, ಅವತ್ತೇ ಶೇಕಡಾ 17 ಮಧ್ಯಂತರ ಪರಿಹಾರ ಸಿಕ್ಕಿತು. ಜೈಲಿಗೆ ಬೀಗ ಹಾಕಿ ಹೊರಗೆ ಬಂದು ಕೂರುವುದು ಸಾಧ್ಯವಾ? ಒಳಗಿರುವವರಿಗೆ ಬೆಳಗಿನ ಉಪ್ಪಿಟ್ಟು ಕೊಡುವವರು ಯಾರು?

ಒಂದು ತಮಾಷೆ ಹೇಳಿದೆ ಅವರಿಗೆ. ನಾನು ಕೆಲಸಕ್ಕೆ ಸೇರಿದಾಗ ಬೆಂಗಳೂರಿನ ಸೆಂಟ್ರಲ್ ಜೈಲು ಊರ ಮಧ್ಯೆ, ಶೇಷಾದ್ರಿ ರಸ್ತೆಯಲ್ಲಿತ್ತು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನೆಲ್ಲ ಇಟ್ಟಿದ್ದ ಜೈಲು. ಆಮೇಲೆ ಪರಪ್ಪನ ಅಗ್ರಹಾರಕ್ಕೆ ಹೋಯಿತು. ಹಳೆಯ ಜಾಗ ಈಗ ಫ್ರೀಡಂ ಪಾರ್ಕ್. ಬೆಂಗಳೂರಿನಲ್ಲಿ ಯಾವ ಸಂಘ ಧರಣಿ ಮಾಡಬೇಕಾದರೂ ಈಗ ಅಲ್ಲೇ ಕೂರಬೇಕು. ಅಂಗನವಾಡಿ ಅಕ್ಕಂದಿರು, ಆಶಾ ಕಾರ್ಯಕರ್ತೆಯರು, ಸಾರಿಗೆ ನೌಕರರು, ಎಲ್ಲರೂ. ಯಾವ ಕಾಂಪೌಂಡಿನಲ್ಲಿ ನಾವು ಬಾಯಿ ಬಿಡುವಂತಿರಲಿಲ್ಲವೋ ಅಲ್ಲಿ ಊರೆಲ್ಲ ಮೈಕ್ ಹಿಡಿದು ಕೂಗುತ್ತದೆ. ಅವರು ಮೇಜು ಕುಟ್ಟಿ ನಕ್ಕರು. ಬಹಳ ಹೊತ್ತು ನಕ್ಕರು.

ಸರಿ, ಹೋಗುವವರಿಗೆ ನನ್ನ ಸಲಹೆ. ಒಳಗೆ ಹೋದ ತಕ್ಷಣ ಫೋಟೊ ತೆಗೆಯಲು ಓಡಬೇಡಿ. ಮೊದಲು ಕೌಂಟರ್‌ನಲ್ಲಿ ಯಾರಿದ್ದಾರೆ, ಎಷ್ಟು ವರ್ಷ ಒಳಗೆ ಕೆಲಸ ಮಾಡಿದ್ದಾರೆ ಅಂತ ಕೇಳಿ. ಕೇಳಿದರೆ ಮಾತ್ರ ಹೇಳುತ್ತಾರೆ. ಜೈಲಿನವರಿಗೆ ತಾವಾಗಿಯೇ ಬಾಯಿ ಬಿಡುವ ಅಭ್ಯಾಸ ಇರುವುದಿಲ್ಲ. ಗೋಡೆಯ ಮೇಲಿನ ಕಥೆ ಹಗ್ಗದ್ದು, ಗನ್ನಿನದು, ತಪ್ಪಿಸಿಕೊಂಡವರದು. ಕೌಂಟರ್ ಹಿಂದಿನ ಕಥೆ ಕೆಲಸದ್ದು, ಪಾಳಿಯದು, ಸಂಘದ್ದು. ಎರಡೂ ಸೇರಿದರೆ ಟಿಕೆಟ್ ದುಡ್ಡು ವಸೂಲು. ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗಬಹುದು, ತೊಟ್ಟಿಲು ನೋಡಿ ಖುಷಿ ಪಡುತ್ತಾರೆ. ಗಲ್ಲಿನ ಭಾಗ ಬರುವಾಗ ಸ್ವಲ್ಪ ಬೇಗ ಮುಂದೆ ಕರೆದುಕೊಂಡು ಹೋಗಿ. ಮೊಮ್ಮಗ "ತಾತ, ನೀನೂ ಹೀಗೆ ಮಾಡ್ತಿದ್ಯಾ?" ಅಂತ ಎಲ್ಲರ ಮುಂದೆ ಕೇಳಿದ. ಇಲ್ಲಪ್ಪ, ನಾನು ಬರೀ ಎಣಿಸುತ್ತಿದ್ದೆ ಅಂದೆ.

ಅಲ್ಲಿಂದ ಹೊರಬಂದರೆ ಎರಡು ಜಾಗ ಹತ್ತಿರ. ಒಂದು ಜಾನಿ ಕ್ಯಾಶ್ ಹೆಸರಿನ ಸೈಕಲ್ ದಾರಿ. ಅದರ ಮೇಲ್ಸೇತುವೆಗೆ ಜೈಲಿನ ಟವರ್ ತರಹವೇ ಗೋಪುರ ಕಟ್ಟಿದ್ದಾರೆ, ಸಂಜೆ ನಡೆಯಲು ಚೆನ್ನ. ಇನ್ನೊಂದು ಹಳೆಯ ಪವರ್‌ಹೌಸ್. ಕೈದಿಗಳು ತೋಡಿದ ಕಾಲುವೆಯ ನೀರು ಎಲ್ಲಿಗೆ ಬಂತು ಅಂತ ಕಣ್ಣಾರೆ ನೋಡಬಹುದು. ಊಟಕ್ಕೆ ಮಾತ್ರ ಮನೆಗೇ ಹೋಗಿ. ನಾವು ಒಂದು ಕಡೆ ದೋಸೆ ತಿಂದೆವು, ಹೆಸರು ಬೇಡ. ಸಾಂಬಾರು ಪಾಯಸಕ್ಕೆ ಹತ್ತಿರ ಇತ್ತು.

ಮ್ಯೂಸಿಯಂಗೆ ಐದಕ್ಕೆ ಐದು ಕೊಡುತ್ತೇನೆ. ಜೈಲು, ಪೊಲೀಸ್, ಅಗ್ನಿಶಾಮಕ ದಳದಲ್ಲಿ ಕೆಲಸ ಮಾಡಿದ ಅಪ್ಪನೋ ಮಾವನೋ ಇದ್ದರೆ ತಪ್ಪದೆ ಕರೆದುಕೊಂಡು ಹೋಗಿ, ನೀವು ಪಕ್ಕದಲ್ಲಿ ಸುಮ್ನೆ ನಿಂತುಕೊಳ್ಳಿ. ಜುಲೈ, ಆಗಸ್ಟಿನಲ್ಲಿ ಹೋಗುವವರು ಬೆಳಗ್ಗೆಯೇ ಹೋಗಿ. ಆ ಊರಿನ ಬಿಸಿಲು ರಾಯಚೂರಿನವರನ್ನೂ ಸುಸ್ತು ಮಾಡುತ್ತದೆ. ರಜೆ ದಿನಗಳಲ್ಲಿ ತೆರೆದಿರುತ್ತದೋ ಇಲ್ಲವೋ ಅಂತ ಫೋನ್ ಮಾಡಿ ಕೇಳಿಕೊಂಡು ಹೊರಡಿ.